ಚಾಂದೋರ್‌ನಲ್ಲಿ ಕದಂಬರ ಕಾಲದ್ದು ಏನಾದ್ರೂ ಉಳಿದಿದೆಯಾ, ಇಲ್ಲಾ ಬರೀ ಆ ದೊಡ್ಡ ಮನೆ ಅಷ್ಟೇನಾ?

ವೆರ್ಣಾ_ಹಾಸನ:

ಎಲ್ಲರಿಗೂ ನಮಸ್ಕಾರ. ನಾನು ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟಲ್ಲಿ ಕೆಲಸದಲ್ಲಿದ್ದೀನಿ, ಊರು ಹಾಸನದ ಹತ್ರ. ಜನವರಿ ಮೊದಲ ವಾರ ಅಪ್ಪ ಅಮ್ಮ ಬರ್ತಿದ್ದಾರೆ. ಅಪ್ಪ ಹೈಸ್ಕೂಲಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದವರು. "ಬೀಚು ಗೀಚು ಬೇಡ ಕಣಯ್ಯಾ, ಗೋವೆ ಕದಂಬರ ಚಂದ್ರಪುರ ತೋರಿಸು" ಅಂತ ಹಟ ಹಿಡಿದು ಕೂತಿದ್ದಾರೆ. ಚಂದ್ರಪುರ ಅಂದ್ರೆ ಈಗಿನ ಚಾಂದೋರ್ ಅಂತ ಗೊತ್ತಾಯ್ತು. ಆದರೆ ನೆಟ್ಟಲ್ಲಿ ಹುಡುಕಿದ್ರೆ ಮೆನೆಜಿಸ್ ಬ್ರಗಾಂಝಾ ಮನೆಯ ಫೋಟೋ ಬಿಟ್ಟು ಬೇರೆ ಏನೂ ಸಿಗ್ತಿಲ್ಲ. ಅಲ್ಲಿ ಹೋಗಿ ನೋಡೋಕೆ ನಿಜವಾಗ್ಲೂ ಏನಿದೆ? ಅಮ್ಮನಿಗೆ ಮಂಡಿ ನೋವು, ನನ್ನ ಹತ್ರ ಇರೋದು ಬೈಕ್ ಮಾತ್ರ. ಬಸ್ ಇದೆಯಾ? ಹೋಗಿ ಬಂದವರು ಹೇಳಿ.

ನಿವೃತ್ತ_ಗೇಟ್‌ಮನ್:

ತಮ್ಮಾ, ನಿಮ್ಮ ತಂದೆಯವರು ಸರಿಯಾದ ಊರನ್ನ ಕೇಳ್ಯಾರ. ನಾನು ಗದಗ ಕಡೆಯವ. ಇದ ಮಡಗಾಂವ್–ಕುಳೆ ಹಳಿ ಮ್ಯಾಲೆ ಗೇಟ್ ಕಾಯ್ದು ನೌಕರಿ ಮುಗಿಸಿ ಈಗ ಕುಡಚಡೆದಾಗ ಇದ್ದೀನಿ. ಚಾಂದೋರ್ ಗೇಟಿನ್ಯಾಗೂ ಡ್ಯೂಟಿ ಮಾಡೀನಿ. ಗಾಡಿ ಬರೂತನಕ ನಿಂತ ಮಂದಿ ಕೂಡ ಮಾತಾಡಿ ಮಾತಾಡಿನ ಈ ಊರು ತಿಳಕೊಂಡಿದ್ದು. ಆಮ್ಯಾಲೆ ಪುಸ್ತಕಾನೂ ಓದಿದೆ.

ಮೊದಲ ಒಂದು ಮಾತು. ಬಂದವರೆಲ್ಲಾ ದೊಡ್ಡ ಮನಿ ಮುಂದ ಇಳದು, ಒಳಗ ಹೊಕ್ಕು, ಹೊರಗ ಬಂದು, ಗಾಡಿ ಹತ್ತಿ ಹೋಗಿಬಿಡ್ತಾರ. ನೀವು ಹಂಗ ಮಾಡಬ್ಯಾಡ್ರಿ. ಮೊದಲ ಕೋಟ್ ಅನ್ನೂ ವಾಡ್ಯಾಕ ಹೋಗ್ರಿ. ರಾಜಧಾನಿ ಇದ್ದದ್ದು ಅಲ್ಲಿ. ಹಳೇಬೀಡು ನೋಡಿದ ಹಾಸನದ ಕಣ್ಣಿಗೆ ಏನೂ ಅನಸೂದಿಲ್ಲ, ಅದನ್ನ ಈಗ ಹೇಳಿಬಿಡ್ತೀನಿ. ಗೋಪುರ ಇಲ್ಲ, ಕಂಬ ಇಲ್ಲ. ನೆಲಮಟ್ಟದಾಗ ಹಳೇ ಗುಡಿಯ ಇಟ್ಟಂಗಿ ಬುನಾದಿ, ಅಲ್ಲೇ ತಲಿ ಇಲ್ಲದ ಒಂದು ಕಲ್ಲಿನ ನಂದಿ, ಸುತ್ತ ತೆಂಗು, ಮನಿ, ಮನಿ ಮುಂದ ಶಿಲುಬಿ. ಮುಂಬೈ ಸೇಂಟ್ ಝೇವಿಯರ್ಸ್ ಕಾಲೇಜಿನ ಫಾದರ್ ಹೆನ್ರಿ ಹೆರಾಸ್ ಅವರು 1929ರಾಗ ಬಂದು ಅಗದಾಗ ಇದು ಬೆಳಕಿಗೆ ಬಂತು. ಆಮ್ಯಾಲೆ ಪುರಾತತ್ವ ಇಲಾಖೆಯವರೂ ಅಗದಾರ. ಒಬ್ಬ ಸ್ಪೇನ್ ಪಾದ್ರಿ ಬಂದು ಶಿವನ ಗುಡಿ ಹುಡುಕಿ ಕೊಟ್ಟದ್ದು ನನಗ ಭಾಳ ಹಿಡಸಿದ ಸಂಗತಿ.

ಇನ್ನ ಇತಿಹಾಸ. ಕದಂಬರಿಗಿಂತ ಎಷ್ಟೋ ಮೊದಲ ಇಲ್ಲಿ ಭೋಜರು ಅನ್ನೂ ರಾಜಮನೆತನದವರು ಇದ್ರು. ಶಿರೋಡದಾಗ ಸಿಕ್ಕ, ಅವರ ರಾಜ ದೇವರಾಜನ ತಾಮ್ರಪಟ ಚಂದ್ರಪುರದಿಂದನ ಹೊರಟದ್ದು. ಊರಿನ ಮಗ್ಗಲ ಕುಶಾವತಿ ಹೊಳಿ ಹರೀತೈತಿ, ಅದು ಮುಂದ ಜುವಾರಿಗೆ ಕೂಡತೈತಿ. ಅಂದ್ರ ಸಮುದ್ರದ ಸರಕು ದೋಣಿ ಮ್ಯಾಲೆ ಒಳಗ ಬರಬಹುದಿತ್ತು, ವೈರಿ ಹಡಗು ಮಾತ್ರ ಸೀದಾ ಬಾಗಲಿಗೆ ಬಂದು ನಿಲ್ಲೂ ಹಂಗಿರಲಿಲ್ಲ. ಕದಂಬರು ಬಲತ ಮ್ಯಾಲೆ ಅವರಿಗೆ ಹೊಳಿ ಸಾಲಲಿಲ್ಲ, ಬಂದರ ಬೇಕಾತು. 11ನೇ ಶತಮಾನದ ನಡುವ ಒಂದನೇ ಜಯಕೇಶಿ ಕಾಲಕ್ಕ ರಾಜಧಾನಿ ಜುವಾರಿ ದಂಡಿಯ ಗೋಪಕಪಟ್ಟಣಕ್ಕ ಹೋತು, ಈಗಿನ ಗೋವಾ ವೆಲ್ಹಾ. 14ನೇ ಶತಮಾನದಾಗ ದಿಲ್ಲಿ ಸುಲ್ತಾನರ ದಂಡು ಅದನ್ನ ಹಾಳ ಮಾಡಿದ ಮ್ಯಾಲೆ ಮತ್ತ ಚಂದ್ರಪುರಕ್ಕ ಬಂದ್ರು. ಕಡೀಕ ಅದೂ ಉಳೀಲಿಲ್ಲ. ಪೋರ್ಚುಗೀಜರು ಬಂದು 1560ರ ದಶಕದಾಗ ಸಾಷ್ಟಿ ತಾಲೂಕಿನ ಗುಡಿ ಕೆಡವಿದ್ದು ನಿಮ್ಮ ತಂದೆಯವರಿಗೆ ಗೊತ್ತಿರತೈತಿ, ನಾ ಹೇಳೂದು ಬ್ಯಾಡ.

ನನಗ ಇಲ್ಲಿ ಎಲ್ಲಾಕ್ಕಿಂತ ದೊಡ್ಡದು ಅಂತ ಅನಿಸಿದ್ದು ಮುಸಳ್ ಖೇಳ್. ಕಾರ್ನಿವಲ್ ಸೋಮವಾರ ರಾತ್ರಿ ಕೋಟಿನ ಗಂಡಸರು ಧೋತ್ರ ಉಟ್ಟು, ಕಾಲಿಗೆ ಗೆಜ್ಜಿ ಕಟ್ಟಿ, ಕೈಯಾಗ ಉದ್ದನ್ನ ಒನಕಿ ಹಿಡದು ಮನಿ ಮನಿ ಅಂಗಳಕ್ಕ ಹೋಗಿ ಕುಣೀತಾರ. ಎಲ್ಲಾರೂ ಕ್ರಿಸ್ತರು. ಮೊದಲ ಚಾಪೆಲ್ ಮುಂದ ಪ್ರಾರ್ಥನಾ. ಆಮ್ಯಾಲೆ ಹಾಡು, ಹಾಡಿನ್ಯಾಗ ಹರಿಹರ! ವಿಜಯನಗರದ ಹರಿಹರ ಗೆದ್ದದ್ದಕ್ಕ ಈ ಕುಣತ ಅಂತ ಊರ ಹಿರೇರು ಹೇಳ್ತಾರ. ಒನಕಿ ಒಮ್ಮೆಲೇ ನೆಲಕ್ಕ ಬಡದಾಗ ನಿಂತವರ ಅಂಗಾಲಿಗೆ ತಾಗತೈತಿ ನೋಡ್ರಿ, ಕೇಳೂದಕ್ಕಿಂತ ಮೊದಲ ಕಾಲಿಗೆ ಗೊತ್ತಾಗತೈತಿ. ನಮ್ಮ ಕಡೆ ಹಂಪಿ ಮ್ಯಾಲೆ ಭಾಷಣ ಬಿಗಿಯೂ ಮಂದಿ ಎಷ್ಟು ಇದ್ದಾರ, ಹರಿಹರನ ಹೆಸರಿಗೆ ವರ್ಷಾ ನಿದ್ದಿಗೆಟ್ಟು ಕುಣಿಯೂ ಮಂದಿ ಇರೂದು ಇಲ್ಲಿ. ನೀವು ಜನವರಿಗೆ ಬಂದ್ರ ಇದು ಸಿಗೂದಿಲ್ಲ, ಕಾರ್ನಿವಲ್ ಫೆಬ್ರವರಿ ಇಲ್ಲಾ ಮಾರ್ಚಿಗೆ ಬರತೈತಿ. ತಂದೆಯವರನ್ನ ಮತ್ತೊಮ್ಮೆ ಕರಸ್ರಿ.

ದೊಡ್ಡ ಮನಿ ಬಗ್ಗೆ ನಾ ಹೆಚ್ಚು ಹೇಳೂದಿಲ್ಲ, ಚರ್ಚಿನ ಎದರಿಗೇ ಐತಿ, ತಪ್ಪಿಸಿಕೊಳ್ಳೂ ಹಂಗ ಇಲ್ಲ. ಒಂದ ಮನಿ, ಎರಡು ಪಾಲು, ಎರಡೂ ಕಡೆ ಬ್ಯಾರೆ ಬ್ಯಾರೆ ರೊಕ್ಕ ಕೊಡಬೇಕು. ಪೂರ್ವದ ಪಾಲಿನ ಚಾಪೆಲ್‌ನಾಗ ಸಂತ ಫ್ರಾನ್ಸಿಸ್ ಝೇವಿಯರ್ ಅವರ ಉಗುರು ಇಟ್ಟಾರ. ಪಶ್ಚಿಮದ ಪಾಲಿನ್ಯಾಗ ಲುಯಿಸ್ ದ ಮೆನೆಜಿಸ್ ಬ್ರಗಾಂಝಾ (1878–1938) ಅವರ ಪುಸ್ತಕದ ಭಂಡಾರ ಐತಿ. ಇವರು ಪತ್ರಿಕೆಯವರು. 1900ರಾಗ ಶುರುವಾದ ಓ ಹೆರಾಲ್ಡೊ ದಿನಪತ್ರಿಕೆ ಕಟ್ಟಿದವರೊಳಗ ಒಬ್ಬರು, ಪೋರ್ಚುಗೀಜ್ ಸರಕಾರಕ್ಕ ಪೋರ್ಚುಗೀಜಿನ್ಯಾಗನ ಬೈದವರು. ಗೋವಾ ಹೋರಾಟದ ತ್ರಿಸ್ತಾಂವ್ ಬ್ರಗಾಂಝಾ ಕುನ್ಹಾ ಅವರು 1891ರಾಗ ಹುಟ್ಟಿದ್ದೂ ಇದ ಊರಾಗ. 1946ರಾಗ ಅವರನ್ನ ಹಿಡದು, ಮಿಲಿಟರಿ ಕೋರ್ಟಿನ್ಯಾಗ ವಿಚಾರಣಾ ಮಾಡಿ, ಪೋರ್ಚುಗಲ್ಲಿನ ಪೆನೀಶ್ ಕೋಟೆಗೆ ಕಳಿಸಿದ್ರು. ಝೂಮರ್ ನೋಡಾಕ ಬರೂ ಮಂದಿಗೆ ಇದನ್ನ ಯಾರೂ ಹೇಳೂದಿಲ್ಲ.

ಅಲ್ಲಿಂದ ಹತ್ರಾನ ಫರ್ನಾಂಡಿಸ್ ಮನಿ ಐತಿ. ನೆಲದ ಕೆಳಗ ಅಡಗಿ ಕುಂದ್ರೂ ಜಾಗಾ, ಬಂದೂಕಿನ ಕಿಂಡಿ, ಹೊಳಿಗೆ ಓಡಿ ಹೋಗಾಕ ಸುರಂಗ. ನಿಮ್ಮ ತಾಯಿಯವರು ಮ್ಯಾಲೇ ಕುಂದ್ರಲಿ, ಕೆಳಗ ಇಳಿಯೂದು ಮಂಡಿಗೆ ಆಗೂದಿಲ್ಲ.

ಕದಂಬ_ಪಡೆ:

ನಮ್ಮ ರಾಜರ ರಾಜಧಾನಿ ಸ್ವಾಮಿ! ಅಲ್ಲಿ ಒಂದಾದ್ರೂ ಕನ್ನಡ ಬೋರ್ಡ್ ಇದೆಯಾ? ಇಲ್ಲ ಅಂದ್ರೆ ಗೋವಾ ಕನ್ನಡಿಗರೆಲ್ಲ ಸೇರಿ ಮನವಿ ಕೊಡೋಣ. ಗೇಟ್‌ಮನ್ ಅಣ್ಣ, ನೀವೇ ಮುಂದೆ ನಿಲ್ಲಬೇಕು.

ನಿವೃತ್ತ_ಗೇಟ್‌ಮನ್:

ನಾ ನಿಲ್ಲೂದಿಲ್ಲಪಾ. ಗೋವಾ ಸರಕಾರದ ಬಸ್ಸಿನ ಹೆಸರ ಕದಂಬ, ಅದರ ಮ್ಯಾಲೆ ಸಿಂಹ. ದಿನಾ ಟಿಕೆಟ್ ತಗೊಂಡು ಕದಂಬ ಹತ್ತೂ ಮಂದಿಗೆ ಇನ್ನೇನು ಬೋರ್ಡ್ ಹಾಕ್ತಿ? ಕನ್ನಡದ ಕಲ್ಲು ಬೇಕಂದ್ರ ಘಟ್ಟ ಹತ್ತು. ಖಾನಾಪುರ ತಾಲೂಕಿನ ಹಲಸಿ ಇವರದ ಇನ್ನೊಂದು ರಾಜಧಾನಿ. ಕಿತ್ತೂರಿನ ಹತ್ರ ದೇಗಾಂವಿಯ ಕಮಲನಾರಾಯಣ ಗುಡಿ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ್ದು. ಎರಡನೇ ಜಯಕೇಶಿಯ ಹೆಂಡತಿ ಮೈಲಳದೇವಿ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಮಗಳು. ಬೀಗತನ ಇತ್ತು, ಒಪ್ಪಿದೆ. ಹಂಗಂತ ಊರು ನಮ್ಮದಾಗೂದಿಲ್ಲ.

ಇನ್ನೊಂದು ಹೇಳ್ತೀನಿ. 2020ರ ನವೆಂಬರ್ 1ರ ರಾತ್ರಿ ಇದ ಚಾಂದೋರ್ ಗೇಟಿನ್ಯಾಗ ಸಾವಿರಾರು ಮಂದಿ ಕೂಡಿದ್ರು, ಮುಂಜಾನಿತನಕ ಹಾಡು, ಮೇಣಬತ್ತಿ, ಘುಮಟ ಅನ್ನೂ ಮಣ್ಣಿನ ವಾದ್ಯ. ಜೋಡಿ ಹಳಿ ಬ್ಯಾಡ, ಕಲ್ಲಿದ್ದಲ ಬ್ಯಾಡ ಅಂತ. ಆ ಕಲ್ಲಿದ್ದಲ ಎಲ್ಲಿಗೆ ಹೋಗತೈತಿ? ಮುರ್ಮಗೋವಾ ಬಂದರದಾಗ ಇಳದು ನಮ್ಮ ಬಳ್ಳಾರಿ ಕಡೆ ಉಕ್ಕಿನ ಕಾರ್ಖಾನಿಗೆ. ಕಲ್ಲಿದ್ದಲ ಗಾಡಿ ಹಾದು ಹೋದ ಮ್ಯಾಲೆ ಗೇಟಿನ ಕಟ್ಟಿ ಮ್ಯಾಲೆ ಬೆರಳು ಎಳದ್ರ ಕರ್ರಗ ಗೆರಿ ಬೀಳತಿತ್ತು, ನನ್ನ ಹಸರ ಧ್ವಜದ ಮಡಿಕಿಯಾಗೂ ಅದ ಪುಡಿ. ನಾನು ಹಳಿ ಅನ್ನ ತಿಂದವ, ರೈಲಿಗೆ ಬೈಯೂದಿಲ್ಲ. ಆದ್ರ ಇಂಥಾದ್ರಾಗ ಕನ್ನಡದವರು ಮನವಿ ಹಿಡಕೊಂಡು ಹೋದ್ರ ಊರವರು ಮೊದಲ ಏನು ಕೇಳ್ತಾರ ಅಂತ ನೀನ ವಿಚಾರ ಮಾಡು.

ಅಂಕೋಲೆ_ಟೇಲರ್:

ಹುಡುಗ ಕೇಳಿದ್ದು ಬಸ್ಸು, ಇಲ್ಲಿ ಬಳ್ಳಾರಿವರೆಗೆ ಹೋಯ್ತು ಮಾತು! ನಾನು ಮಡಗಾಂವದಲ್ಲಿ ಹೊಲಿಗೆ ಮಾಡ್ತೆ. ಚಾಂದೋರ್ ಇಲ್ಲಿಂದ ಹತ್ತು-ಹನ್ನೆರಡು ಕಿಲೋಮೀಟರ್ ಅಷ್ಟೇ. ಬಸ್ ಸ್ಟ್ಯಾಂಡಲ್ಲಿ ಕುಡಚಡೆ ಬಸ್ ಹತ್ತೋಕಿಂತ ಮೊದಲು "ಚಾಂದೋರ್ ಮೇಲೆ ಹೋಗ್ತದಾ" ಅಂತ ಕೇಳಿ, ಎಲ್ಲವೂ ಆ ದಾರಿಯಲ್ಲಿ ಹೋಗೂದಿಲ್ಲ. ಅಮ್ಮನ ಮಂಡಿ ನೋವಾದ್ರೆ ಅರ್ಧ ದಿನಕ್ಕೆ ರಿಕ್ಷಾ ಮಾತಾಡೂದೇ ಒಳ್ಳೇದು.

ಮತ್ತೆ ಜನವರಿ ಮೊದಲ ವಾರ ಅಂದ್ರಲ್ಲ, 6ನೇ ತಾರೀಕಿಗೇ ಹೋಗಿ. ಅವತ್ತು ಮೂರು ರಾಜರ ಫೆಸ್ತ, ಅಂದ್ರೆ ಶಿಶು ಯೇಸುವನ್ನ ನೋಡೂಕೆ ಬಂದ ಮೂರು ರಾಜರ ಹಬ್ಬ. ಚಾಂದೋರ್, ಕಾವೊರಿಂ, ಗಿರ್ದೊಲಿಂ, ಮೂರು ಊರಿಂದ ಒಬ್ಬೊಬ್ಬ ಹುಡುಗ ರಾಜನ ವೇಷ ಹಾಕಿ ಕಿರೀಟ ಇಟ್ಟುಕೊಂಡು ಚರ್ಚಿಗೆ ಬರ್ತಾರೆ. ಒಂದು ವರ್ಷ ಒಬ್ಬ ಹುಡುಗನ ವೆಲ್ವೆಟ್ ನಿಲುವಂಗಿಗೆ ಜರಿ ಅಂಚು ನಾನೇ ಹೊಲಿದುಕೊಟ್ಟೆ. ಅಳತೆ ಕೊಟ್ಟದ್ದು ಗಣೇಶ ಚೌತಿ ಹೊತ್ತಿಗೆ. ಹುಡುಗರ ಕೈಕಾಲು ಅಷ್ಟರಲ್ಲಿ ಎಷ್ಟು ಉದ್ದ ಆಗ್ತದೋ ಅಂತ ಒಳಗೆ ಎರಡು ಬೆರಳು ಬಟ್ಟೆ ಮಡಚಿ ಬಿಟ್ಟಿದ್ದೆ, ಹಬ್ಬದ ಹಿಂದಿನ ದಿನ ಪೂರ್ತಿ ಬಿಚ್ಚಬೇಕಾಯ್ತು! ಅವರಜ್ಜಿ ಪಕ್ಕದಲ್ಲೇ ಕೂತು "ಇವನ ಅಪ್ಪನೂ ರಾಜ ಆಗಿದ್ದ" ಅಂತ ಹೇಳ್ತಾ ಇದ್ದರು.

ಆವತ್ತು ಚರ್ಚಿನ ಮುಂದೆ ರಶ್ ಇರ್ತದೆ, ಬೆಳಿಗ್ಗೆ ಬೇಗ ಕೋಟ್ ನೋಡಿಕೊಂಡು ಆಮೇಲೆ ಬನ್ನಿ. ಚರ್ಚಿಗೆ ಹೋಗುವಾಗ ಅಪ್ಪ ಪ್ಯಾಂಟ್ ಹಾಕ್ಲಿ, ಪಂಚೆಯಾದ್ರೂ ಅಡ್ಡಿಲ್ಲ, ಬರ್ಮುಡಾ ಮಾತ್ರ ಬೇಡ.

ವೆರ್ಣಾ_ಹಾಸನ:

ಅಪ್ಪ ಬರ್ಮುಡಾ ಹಾಕೋದನ್ನ ನೋಡೋ ಭಾಗ್ಯ ನಮಗಿಲ್ಲ ಅಕ್ಕ :) ತುಂಬಾ ಥ್ಯಾಂಕ್ಸ್ ಎಲ್ಲರಿಗೂ. 6ಕ್ಕೇ ರಜಾ ಹಾಕ್ತೀನಿ. ಗೇಟ್‌ಮನ್ ಸರ್, ನಿಮ್ಮ ಬರಹ ಅಪ್ಪನಿಗೆ ಫೋನಲ್ಲಿ ಓದಿ ಹೇಳಿದೆ. ಹಲಸಿಗೆ ಯಾವ ದಾರಿ ಅಂತ ಆಗಲೇ ಶುರು ಮಾಡಿದ್ದಾರೆ. ಕೋಟ್‌ನಲ್ಲಿ ನಂದಿ ಇರೋ ಜಾಗ ಮ್ಯಾಪಲ್ಲಿ ಸಿಗುತ್ತಾ?

ನಿವೃತ್ತ_ಗೇಟ್‌ಮನ್:

ಮ್ಯಾಪ್ ನೆಚ್ಚಬ್ಯಾಡ್ರಿ. ಯಾರರೆ ಅಜ್ಜಿ ಅಂಗಳದಾಗ ಕುಂತಿದ್ರ "ಮಾಂಯ್, ನಂದಿ ಖಂಯ್ ಆಸಾ?" ಅಂತ ಕೇಳ್ರಿ, ಕೈ ಮಾಡಿ ತೋರಸ್ತಾರ. ಗೇಟ್ ಬಿದ್ದಿದ್ರ ಹಾರನ್ ಹೊಡೀಬ್ಯಾಡ್ರಿ, ಅಲ್ಲಿರೂ ಹುಡುಗ ನಾ ಕಲಿಸಿದವ. ಹಲಸಿದ್ದು ತಂದೆಯವರಿಗೆ ನಾ ಬ್ಯಾರೆ ಬರೀತೀನಿ, ಅದು ಇಲ್ಲಿ ಮುಗಿಯೂ ಮಾತಲ್ಲ.