ಸಹಾಯ ಬೇಕು: ಅಮಾಟ್ ಪರೀಕ್ಷೆಯ ನೀರಿನ ಸೂಚ್ಯಂಕ ತೀರಾ ಕಡಿಮೆ ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ಕಲ್ಲಿಗೆ ನೀರು ಹೆಚ್ಚು ಒಗ್ಗುತ್ತದೆಯೋ ಎಣ್ಣೆಯೋ ಎಂದು ನೋಡುವ ಅಮಾಟ್ ಪರೀಕ್ಷೆ ಇದು; ಹೊರಬಂದ ಒಟ್ಟು ಎಣ್ಣೆಯಲ್ಲಿ ತಾನಾಗಿ ಹೊರಬಂದ ಪಾಲೇ ನೀರಿನ ಸೂಚ್ಯಂಕ. ಇಂಡಿಯಾನಾ ಸುಣ್ಣಕಲ್ಲಿನ ಕೋರ್ (ಕೊರೆದು ತೆಗೆದ ಉರುಳೆ), ವ್ಯಾಸ 38 ಮಿಮೀ, ಉದ್ದ 75 ಮಿಮೀ. ಉಪ್ಪುನೀರು ತುಂಬಿಸಿ, ಅದನ್ನು ಕಚ್ಚಾ ತೈಲದಿಂದ ಹೊರದೂಡಿ, 80 ಡಿಗ್ರಿ ಸೆಲ್ಸಿಯಸ್‌ನಲ್ಲಿ 40 ದಿನ ಇಟ್ಟಿದ್ದು. ಆಮೇಲೆ ನೇರವಾಗಿ ಡೆಕೇನ್ (ತೆಳು ಹೈಡ್ರೋಕಾರ್ಬನ್ ದ್ರವ) ಹಾಯಿಸಲಾಗಿದೆ. ಅಮಾಟ್ ಸೆಲ್‌ನಲ್ಲಿ (ಹೊರಬಂದ ಎಣ್ಣೆ ಅಳೆಯುವ ಪಾತ್ರೆ) 10 ದಿನ ನೀರಿನಲ್ಲಿ ಮುಳುಗಿಸಿಟ್ಟರೂ ತಾನಾಗಿ ಹೊರಬಂದ ಎಣ್ಣೆ 0.2 ಮಿಲಿ, ಒತ್ತಡ ಹಾಕಿ ನೀರು ಹಾಯಿಸಿದಾಗ ಇನ್ನೂ 4.3 ಮಿಲಿ. ಅಂದರೆ ಸೂಚ್ಯಂಕ 0.2/4.5, ಸುಮಾರು 0.04.

ಕಲ್ಲು ನಿಜಕ್ಕೂ ನೀರನ್ನು ಇಷ್ಟು ದೂರವಿಡುತ್ತದೆಯೇ ಎಂಬುದೇ ಅನುಮಾನ. ಡೆಕೇನ್ ತಾಗಿದರೆ ಕಚ್ಚಾ ತೈಲದ ಆಸ್ಫಾಲ್ಟೀನ್ (ಅದರ ಭಾರವಾದ ಅಂಶ) ಅವಕ್ಷೇಪವಾಗಿ ರಂಧ್ರದ ಗೋಡೆಗೆ ಅಂಟಬಹುದು, ಆಗ ಕಲ್ಲು ನೀರನ್ನು ಇನ್ನಷ್ಟು ದೂರವಿಡುತ್ತದೆ. ಇದನ್ನು ತಪ್ಪಿಸಲು ನಡುವೆ ಡೆಕಾಲಿನ್ ಎಂಬ ದ್ರಾವಕ ಹಾಯಿಸಬೇಕಿತ್ತು. ಮುಂದಿನ ಕೋರ್‌ಗೆ ಅದರ ರಂಧ್ರಗಳ ಒಟ್ಟು ಘನಗಾತ್ರದ ಎಷ್ಟು ಪಟ್ಟು ಡೆಕಾಲಿನ್, ಯಾವ ವೇಗದಲ್ಲಿ? ಕೋರ್ ಮೈಗೆ ಅಂಟಿದ ಹನಿಗಳೂ ಅಳತೆಗೆ ಸಿಗುತ್ತಿಲ್ಲ. ಸೆಲ್ ಅಲುಗಾಡಿಸಿ ಓದುವವರು ಎಷ್ಟು ಹೊತ್ತಿಗೊಮ್ಮೆ ಹಾಗೆ ಮಾಡುತ್ತೀರಿ, ದಯವಿಟ್ಟು ತಿಳಿಸಿ.