ಮಂಡಿ ಪಟ್ಟಿಯ ಅಯಸ್ಕಾಂತ: ತಗಡಿನ ಮುಖ ಒಳಗೋ, ಹೊರಗೋ?

ಪ್ರಶ್ನೆ: ಹೊಲಿಗೆಯಮ್ಮ, ತುಮಕೂರು

ನನ್ನದು ಬ್ಲೌಸ್ ಹೊಲಿಯುವ ಕೆಲಸ. ಪೆಡಲ್ ತುಳಿದೂ ತುಳಿದೂ ಬಲ ಮಂಡಿ ಹಿಡಿದುಕೊಂಡಿದೆ. ಮಗಳು ಒಂದು ವಸ್ತುಪ್ರದರ್ಶನದ ಮಳಿಗೆಯಿಂದ ಅಯಸ್ಕಾಂತದ ಪಟ್ಟಿ ತಂದುಕೊಟ್ಟಳು. ಹೊಲಿಗೆ ಎಷ್ಟು ಕಳಪೆಯೆಂದರೆ ಒಮ್ಮೆ ಒಗೆಯುವಷ್ಟರಲ್ಲಿ ಒಳಪದರ ಬಿಚ್ಚಿಕೊಂಡಿತು. ಒಳಗೆ ಹೊಳೆಯುವ ಬಿಲ್ಲೆಗಳಿವೆ. ಟೇಪಿನಲ್ಲಿ ಅಳೆದೆ: 12 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪ. ಪ್ರತಿ ಬಿಲ್ಲೆಯ ಒಂದು ಮುಖಕ್ಕೆ ಬೂದು ತಗಡು ಅಂಟಿಸಿದ್ದಾರೆ. ಬರಿಯ ಮುಖಕ್ಕೆ ಗುಂಡುಸೂಜಿ ದೂರದಿಂದಲೇ ಹಾರಿ ಅಂಟುತ್ತದೆ, ತಗಡಿನ ಮುಖದಲ್ಲಿ ಅಷ್ಟು ಸೆಳೆತವಿಲ್ಲ.

ಮತ್ತೆ ಹೊಲಿಯುವಾಗ ಯಾವ ಮುಖ ಚರ್ಮದ ಕಡೆಗಿರಬೇಕು? ಎರಡು ತಗಡು ಕಳೆದುಹೋಗಿವೆ, ಅವುಗಳ ಬದಲು ಹಳೆಯ ಡಬ್ಬದ ಮುಚ್ಚಳ ಕತ್ತರಿಸಿ ಹಾಕಬಹುದೇ? ಇನ್ನೊಂದು ಮುಖ್ಯ ವಿಷಯ. ನಮ್ಮ ಮನೆಯವರಿಗೆ ಪೇಸ್‌ಮೇಕರ್ ಹಾಕಿದ್ದಾರೆ. ಅವರಿಗೂ ಈ ಪಟ್ಟಿ ಬೇಕಂತೆ. ತಗಡು ತಡೆಯುತ್ತದೆ, ಏನೂ ಆಗದು ಎಂಬುದು ಅವರ ವಾದ.

ಉತ್ತರ: ಸೂಜಿಗಲ್ಲು

ಉತ್ತರ ಧ್ರುವ ಚರ್ಮದ ಕಡೆಗಿರಬೇಕು. ರಕ್ತದಲ್ಲಿನ ಕಬ್ಬಿಣವನ್ನು ಅದು ನೋವಿರುವ ಜಾಗಕ್ಕೆ ಎಳೆದು ತರುತ್ತದೆ. ತಗಡೆಲ್ಲ ವ್ಯಾಪಾರದ ಆಟ, ಕಿತ್ತು ಬಿಸಾಡಿ.

ಉತ್ತರ: ನಿವೃತ್ತ ಫಿಟ್ಟರ್, ಪೀಣ್ಯ

ಅಮ್ಮಾ, ಕಿತ್ತು ಬಿಸಾಡಬೇಡಿ. ಆ ಪಟ್ಟಿಯಲ್ಲಿ ಯಾರೋ ತಲೆ ಓಡಿಸಿ ಮಾಡಿರುವ ಭಾಗವೆಂದರೆ ಅದೊಂದೇ. ನಾನು ಟೂಲ್‌ರೂಮಿನಲ್ಲಿದ್ದವನು, ಗ್ರೈಂಡಿಂಗ್ ಯಂತ್ರದಲ್ಲಿ ಕಬ್ಬಿಣವನ್ನು ಅಯಸ್ಕಾಂತದಿಂದ ಹಿಡಿದಿಡುವ ಮ್ಯಾಗ್ನೆಟಿಕ್ ಚಕ್‌ ಜೊತೆ ಬದುಕು ಕಳೆದವನು, ಆ ಧೈರ್ಯದಿಂದ ಹೇಳುತ್ತೇನೆ.

ಕಾಂತಕ್ಷೇತ್ರವನ್ನು ಯಾವ ತಗಡೂ ನುಂಗಿಹಾಕುವುದಿಲ್ಲ. ಮೆದು ಕಬ್ಬಿಣ ಅದಕ್ಕೆ ಸುಲಭದ ದಾರಿ ಕೊಡುತ್ತದೆ, ಅಷ್ಟೇ. ಹೊಲದ ಬದುವಿನ ಪಕ್ಕ ಕಾಲುವೆ ತೋಡಿದರೆ ನೀರು ಅದರಲ್ಲಿ ಹರಿದುಹೋಗುವಂತೆ, ಹಿಂಬದಿಯ ಬಲರೇಖೆಗಳು ಗಾಳಿಯಲ್ಲಿ ಹರಡುವ ಬದಲು ತಗಡಿನೊಳಗೇ ಹಾದು ಅಂಚಿನಿಂದ ಮುಂದಕ್ಕೆ ತಿರುಗುತ್ತವೆ. ಹಿಂದೆ ಕಡಿಮೆಯಾಗುತ್ತದೆ, ಮುಂದೆ ಸ್ವಲ್ಪ ಹೆಚ್ಚುತ್ತದೆ.

ನಿಮ್ಮ ಬಿಲ್ಲೆಯ ಅಳತೆಗೆ ಲೆಕ್ಕ ಹಾಕಿದೆ, ಅದು ಸಾಮಾನ್ಯ ಎನ್35 ದರ್ಜೆಯ ನಿಯೋಡಿಮಿಯಮ್ ಎಂಬ ಬಲವಾದ ಅಯಸ್ಕಾಂತ ಎಂದು ಹಿಡಿದು. ತಗಡಿಲ್ಲದಿದ್ದರೆ ಮುಖದ ಮೇಲೆ ಸುಮಾರು 2,700 ಗಾಸ್ (ಗಾಸ್ ಎಂದರೆ ಕಾಂತಕ್ಷೇತ್ರದ ಬಲದ ಅಳತೆ). ಹತ್ತು ಮಿಲಿಮೀಟರ್ ದೂರದಲ್ಲಿ 300. ಇಪ್ಪತ್ತರಲ್ಲಿ 60. ಹಿಂದೆ ಅಗಲವಾದ, ದಪ್ಪ ಕಬ್ಬಿಣದ ಪ್ಲೇಟ್ ಇಟ್ಟರೆ ಹತ್ತು ಮಿಲಿಮೀಟರಿನ ಆ 300 ಹೆಚ್ಚೆಂದರೆ 470ರವರೆಗೆ ಏರುತ್ತದೆ. ನಿಮ್ಮದರಂತೆ ಬಿಲ್ಲೆಯಷ್ಟೇ ಅಗಲದ ತಗಡಾದರೆ ಲಾಭ ಇನ್ನೂ ಕಡಿಮೆ. ಡಬ್ಬಿಯ ಮೇಲೆ 12,000 ಗಾಸ್ ಎಂದು ಬರೆದಿದ್ದರೆ ನಂಬಬೇಡಿ. ಅದು ಲೋಹದೊಳಗೆ ಉಳಿಯುವ ಕಾಂತತ್ವದ ಅಂಕಿ, ನಿಮ್ಮ ಚರ್ಮಕ್ಕೆ ತಲುಪುವುದಲ್ಲ.

ಆದ್ದರಿಂದ ತಗಡಿನ ಮುಖ ಹೊರಗೆ, ಬರಿಯ ಮುಖ ಮಂಡಿಯ ಕಡೆಗೆ. ತಿರುವುಮುರುವಾಗಿ ಹೊಲಿದರೆ ಬಲವೆಲ್ಲ ನಿಮ್ಮ ಸೂಜಿಡಬ್ಬಿಯ ಪಾಲಾಗುತ್ತದೆ! ಇನ್ನೊಂದು ಮಾತು: ಬಿಲ್ಲೆ ಮತ್ತು ಚರ್ಮದ ನಡುವೆ ದಪ್ಪ ಸ್ಪಂಜು ಇಟ್ಟರೆ ತಗಡಿನಿಂದ ಬಂದ ಲಾಭ ಅಲ್ಲಿಯೇ ಹೋಯಿತು. ಒಳಪದರಕ್ಕೆ ತೆಳು ಕಾಟನ್ ಸಾಕು.

ಡಬ್ಬದ ಮುಚ್ಚಳ ಬೇಡ. ಅದು ಕಾಗದದಷ್ಟು ತೆಳು, ಕಬ್ಬಿಣ ಹೊತ್ತುಕೊಳ್ಳಬಹುದಾದ ಕ್ಷೇತ್ರಕ್ಕೂ ಮಿತಿಯಿದೆ (ಸುಮಾರು 20,000 ಗಾಸ್). ಅದು ಬೇಗ ತುಂಬಿಹೋಗಿ ಉಳಿದದ್ದು ಹೊರಗೆ ಸೋರುತ್ತದೆ. ಈ ಅಳತೆಗೆ ಒಂದು ಮಿಲಿಮೀಟರ್ ದಪ್ಪದ ಎಂ.ಎಸ್. (ಮೆದು ಉಕ್ಕಿನ) ಶೀಟ್ ಬೇಕು, ಯಾವ ಗ್ರಿಲ್ ಅಂಗಡಿಯಲ್ಲಾದರೂ ಚೂರು ಸಿಗುತ್ತದೆ. ಅಲ್ಯೂಮಿನಿಯಂ, ತಾಮ್ರ ಎರಡೂ ಇಲ್ಲಿ ದಂಡ. ಊಟದ ಸ್ಟೀಲ್ ತಟ್ಟೆಯೂ ಬಹುಪಾಲು ಅಷ್ಟೇ, ಅಯಸ್ಕಾಂತ ಅಂಟದ ಸ್ಟೀಲಿನಿಂದ ಏನೂ ಆಗದು.

ಮೇಲಿನ ಸೂಜಿಗಲ್ಲು ಅವರಿಗೆ: ರಕ್ತದ ಕಬ್ಬಿಣ ಮೊಳೆಯ ಕಬ್ಬಿಣವಲ್ಲ. ಆಮ್ಲಜನಕ ಹೊತ್ತ ಹೀಮೋಗ್ಲೋಬಿನ್ ಅಯಸ್ಕಾಂತದಿಂದ ಕೊಂಚ ದೂರ ಸರಿಯುವ ಗುಣದ್ದು. ಇದನ್ನು ಪಾಲಿಂಗ್ ಮತ್ತು ಕೋರಿಯೆಲ್ 1936ರಲ್ಲಿಯೇ ತೋರಿಸಿದ್ದಾರೆ. ನೀವು ಹೇಳಿದಂತಿದ್ದರೆ 15,000 ಗಾಸ್‌ನ ಎಂಆರ್‌ಐ ಯಂತ್ರದೊಳಗೆ ಹೋದವರ ಗತಿ ಏನಾಗಬೇಕಿತ್ತು?

ಉತ್ತರ: ಫಿಸಿಯೋಥೆರಪಿಸ್ಟ್, ದಾವಣಗೆರೆ

ಫಿಟ್ಟರ್ ಸಾರ್ ಹೇಳಿದ್ದು ಕ್ಷೇತ್ರ ಎಲ್ಲಿಗೆ ಹೋಗುತ್ತದೆ ಎಂಬುದು. ಹೋಗಿ ಏನು ಮಾಡುತ್ತದೆ ಎಂಬುದಕ್ಕೆ ಉತ್ತರ ಅಷ್ಟು ಚೆನ್ನಾಗಿಲ್ಲ. ಅಮೆರಿಕದಲ್ಲಿ ಹಿಮ್ಮಡಿ ನೋವಿನ 101 ಜನರಿಗೆ ಪಾದರಕ್ಷೆಯೊಳಗೆ ಹಾಕುವ ಅಯಸ್ಕಾಂತದ ಅಟ್ಟೆ, ಸುಮ್ಮನೆ ಅಟ್ಟೆ ಕೊಟ್ಟು ನೋಡಿದರು (2003). ವ್ಯತ್ಯಾಸ ಕಾಣಲಿಲ್ಲ. ಇಂಗ್ಲೆಂಡಿನಲ್ಲಿ ಮಂಡಿ, ಸೊಂಟದ ಕೀಲು ಸವೆದ 194 ಜನರಿಗೆ ಕೈಬಳೆ ತೊಡಿಸಿದ ಪರೀಕ್ಷೆಯಲ್ಲಿ (2004) ನೋವು ಸ್ವಲ್ಪ ತಗ್ಗಿತು. ಆದರೆ ತಮ್ಮದು ನಿಜವಾದ ಅಯಸ್ಕಾಂತವೋ ಅಲ್ಲವೋ ಎಂಬುದು ತೊಟ್ಟವರಿಗೆ ಸುಲಭವಾಗಿ ಗೊತ್ತಾಗುತ್ತದೆ. ನಿಮ್ಮ ಗುಂಡುಸೂಜಿ ಹೇಳಿದಂತೆ ಅವರ ಬೀಗದ ಕೈಯೂ ಹೇಳುತ್ತದೆ. ಹಾಗಾಗಿ ಅದರಲ್ಲಿ ನಂಬಿಕೆಯ ಪಾಲೆಷ್ಟು ಎಂದು ಬಿಡಿಸಲು ಆಗಲಿಲ್ಲ.

ಯಜಮಾನರ ವಿಷಯದಲ್ಲಿ ನಾನು ಖಡಾಖಂಡಿತ. ಪೇಸ್‌ಮೇಕರ್ ಸುಮಾರು 10 ಗಾಸ್‌ಗೇ ಎಚ್ಚೆತ್ತು ಬೇರೆ ಲಯಕ್ಕೆ ಹೋಗಬಹುದು. ಮಂಡಿಗೆ ಕಟ್ಟಿದಾಗ ಎದೆ ದೂರವೇ ಇರುತ್ತದೆ, ನನಗೆ ಭಯ ಬಿಚ್ಚಿದ ಮೇಲೆ. ಮಡಚಿ ಅಂಗಿಯ ಜೇಬಿಗೆ ಹಾಕುವುದು, ಪಟ್ಟಿಯನ್ನು ಕುತ್ತಿಗೆಗೋ ಭುಜಕ್ಕೋ ಸುತ್ತಿಕೊಳ್ಳುವುದು. ಒಂದು ಗೇಣು, ಅಂದರೆ 15 ಸೆಂಟಿಮೀಟರಿಗಿಂತ ಹತ್ತಿರ ಬರಲೇಬಾರದು. ತಗಡಿನ ಭರವಸೆ ಬೇಡ, ಅದು ಕಾಯುವುದು ಒಂದೇ ಕಡೆ. ಹೃದ್ರೋಗ ವೈದ್ಯರನ್ನು ಕೇಳದೆ ಅವರಿಗೆ ಕೊಡಬೇಡಿ.

ಹೊಲಿಗೆಯಮ್ಮ:

ನನ್ನ ಪಟ್ಟಿಯನ್ನು ತಗಡು ಹೊರಗಾಗಿಸಿಯೇ ಹೊಲಿಯುತ್ತೇನೆ. ಗುಣವಾಗದಿದ್ದರೂ ಬೆಚ್ಚಗಂತೂ ಇರುತ್ತದೆ, ಕಾಸು ಕೊಟ್ಟಾಗಿದೆ. ಇವರಿಗೆ ಬೇಡವೆಂದು ಹೇಳಿದ್ದೇನೆ, ಮುಖ ಊದಿಸಿಕೊಂಡಿದ್ದಾರೆ. ಸಾಲಿನಲ್ಲಿ ಉತ್ತರ, ದಕ್ಷಿಣ ನೋಡಿ ಇಡಬೇಕೇ?

ನಿವೃತ್ತ ಫಿಟ್ಟರ್:

ಪಕ್ಕಪಕ್ಕದವು ತಿರುವುಮುರುವಾಗಿದ್ದರೆ ಬಲರೇಖೆ ಒಂದರಿಂದ ಹೊರಟು ಪಕ್ಕದ್ದಕ್ಕೇ ಇಳಿಯುತ್ತದೆ, ಆಳಕ್ಕೆ ಹೋಗುವುದಿಲ್ಲ. ಎಲ್ಲವೂ ಒಂದೇ ಮುಖವಾದರೆ ಕೊಂಚ ಆಳ. ಯಾವ ಧ್ರುವವಾದರೂ ಚಿಂತೆಯಿಲ್ಲ. ಒಂದೊಂದಕ್ಕೂ ಬೇರೆ ಬೇರೆ ಚೀಲ ಹೊಲಿದು, ಬಾಯನ್ನು ಎರಡು ಸಲ ಗಟ್ಟಿ ಹೊಲಿಗೆ ಹಾಕಿ. ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಬಿಡಿ ಬಿಲ್ಲೆಗಳನ್ನು ಈಗಲೇ ಎತ್ತಿಡಿ. ಎರಡು ನುಂಗಿದರೆ ಅವು ಕರುಳಿನ ಗೋಡೆಯನ್ನು ನಡುವೆ ಸಿಕ್ಕಿಸಿಕೊಂಡು ತೂತು ಮಾಡುತ್ತವೆ.