ರಾತ್ರಿ ಬಕದ ಮೂರನೇ ಶಿಫ್ಟು

ಟೀ ಅಂಗಡಿ ಬೆಂಚಿನ ಮೇಲೆ ಸೀನ ಲ್ಯಾಪ್‌ಟಾಪ್ ಬಿಚ್ಚಿದ. ಚೆಲುವಣ್ಣ ಬೋಂಡಾದ ಎಣ್ಣೆಯನ್ನು ಪಂಚೆಗೆ ಒರೆಸಿಕೊಂಡು ಬಗ್ಗಿ ನೋಡಿದರು.

“ಇದ್ಯಾವುದಪ್ಪಾ, ಪಾರಿವಾಳಾನಾ?”

“ರಾತ್ರಿ ಬಕ ಕಣಣ್ಣ! ರಂಗನತಿಟ್ಟಿನ ಗೇಟು ಹಾಕಿದ ಮೇಲೆ ನಾಲೆ ಏರಿ ಮೇಲೆ ಕೂತು ತೆಗೆದದ್ದು. 600 ಎಂಎಂ ಲೆನ್ಸು, ಬೆಳಕೇ ಇಲ್ಲ. ಕತ್ತಲಲ್ಲೂ ಪಟ ಬೆಳಗಿಸೋ ಐಎಸ್‌ಓನ 12800ಕ್ಕೆ ಏರಿಸಿದೆ. ಪಟದ ತುಂಬಾ ರವೆ ಚೆಲ್ಲಿದ ಹಾಗೆ ನಾಯ್ಸು. ಸಾಫ್ಟ್‌ವೇರಿಗೆ ಹಾಕಿ ಅಷ್ಟೂ ತೆಗೆದೆ.”

“ರವೆ ಜೊತೆ ಗರೀನೂ ಜರಡಿ ಹಿಡಿದಿದ್ದೀಯಲ್ಲೋ! ಮೈ ನೋಡು, ಪಳಗಿದ ದೋಸೆ ಕಾವಲಿ ಥರ ಮಿರಮಿರ ಅಂತಿದೆ.”

“ಕಣ್ಣು ಸಿಗ್ನಲ್ ಲೈಟು” ಅಂದ ಮಾದ.

“ಅದರ ಕಣ್ಣು ಕೆಂಪಗೇ ಇರೋದು. ಸ್ವಲ್ಪ ಜಾಸ್ತಿ ಮಾಡಿದೆ ಅಷ್ಟೆ. ಶ್ಯಾಡೋ ಎತ್ತಿ ನೆರಳಿದ್ದ ಕಡೆ ಬೆಳಕು ಮಾಡಿದೆ. ಆಕಾಶ ಮಂಕಾಗಿತ್ತು, ನೀಲಿ ಮಾಡಿದೆ.”

“ಅಂದ್ರೆ ಮಧ್ಯಾಹ್ನ ಹನ್ನೆರಡು ಗಂಟೆ ಮಾಡಿದೆ. ಲೋ, ಅದು ಮೂರನೇ ಶಿಫ್ಟಿನ ಹಕ್ಕಿ. ಹಗಲೆಲ್ಲ ಮರದಲ್ಲಿ ತೂಕಡಿಸಿ ಸಂಜೆಗೆ ಡ್ಯೂಟಿಗೆ ಹೊರಡುತ್ತೆ. ಅದನ್ನ ಜನರಲ್ ಶಿಫ್ಟಿಗೆ ಹಾಕೋಕೆ ನೀನ್ಯಾರು? ಯೂನಿಯನ್‌ನವರು ಬಿಡ್ತಾರಾ?”

“ಕತ್ತಲೆ ಪಟಕ್ಕೆ ಯಾರೂ ಲೈಕ್ ಒತ್ತಲ್ಲ ಅಣ್ಣ.”

“ಕತ್ತಲೆ ಬೇಡ ಅನ್ನೋನು ಕತ್ತಲಾಗೋವರೆಗೂ ಯಾಕೆ ಕಾದೆ? ಸೊಳ್ಳೆ ಕೈಲಿ ಸುಮ್ನೆ ಕಚ್ಚಿಸಿಕೊಂಡೆ.”

ಮಾದನಿಗೆ ರಂಗನತಿಟ್ಟು ಅಂದರೆ ಸಾಕು, ಮಾತು ದೋಣಿ ಹತ್ತುತ್ತದೆ. “ಹಕ್ಕಿ ಪಂಡಿತ ಸಲೀಂ ಅಲಿ ಹೇಳಿದರು ಅಂತ ಮಹಾರಾಜರು 1940ರಲ್ಲಿ ಪಕ್ಷಿಧಾಮ ಮಾಡಿದ್ರು. ಈಗ ದೋಣಿಯಲ್ಲಿ ನೋಡಿ, ಬಣ್ಣದ ಕೊಕ್ಕರೆಗಿಂತ ಈ ಲೆನ್ಸಿನವರ ಕೊಕ್ಕೇ ಉದ್ದ. ಹೋದ ವಾರ ಒಂದು ನನ್ನ ಕಿವಿಗೇ ಕುಕ್ಕಿತು.”

ಸೀನನ ಬೆರಳು ಜಾರಿ ಬೇರೊಂದು ಪಟ ಬಂತು. ಬೂದಿ ಬಣ್ಣದ ಆಕಾಶ, ಅದರಲ್ಲಿ ಕಪ್ಪು ಮಸಿ ಎಳೆದಂಥ ಒಂದು ಗೆರೆ.

“ಇದು 1/60 ಸೆಕೆಂಡಿನಲ್ಲಿ ಹೊಡೆದದ್ದು. ರೆಕ್ಕೆ ಅಲ್ಲಾಡಿಬಿಟ್ಟಿದೆ. ಡಿಲೀಟ್ ಮಾಡಬೇಕು.”

ಚೆಲುವಣ್ಣ ಅವನ ಕೈ ಹಿಡಿದರು. ಸ್ವಲ್ಪ ಹೊತ್ತು ಮಾತಿಲ್ಲ.

“ಸಕ್ಕರೆ ಕಾರ್ಖಾನೇಲಿ ರಾತ್ರಿ ಪಾಳಿ ಬಂದಾಗ ಹೊತ್ತು ಮುಳುಗೋ ಹೊತ್ತಿಗೇ ಸೈಕಲ್ ಹತ್ತುತ್ತಿದ್ದೆ. ಡೈನಮೋ ಕೆಟ್ಟಿತ್ತು, ಅದಕ್ಕೇ. ನಾಲೆ ಏರಿ ಮೇಲೆ ಬಂದ್ರೆ ತಲೆ ಮೇಲೆ ‘ಕ್ವಾಕ್’ ಅಂತ ಒಂದು ಹೋಗೋದು. ದಿನಾ. ನಾನೂ ‘ಹೊರಟ್ಯಾ?’ ಅಂತಿದ್ದೆ. ಒಂದು ದಿನಕ್ಕೂ ಮುಖ ನೋಡಿದ್ದಿಲ್ಲ.” ಪರದೆ ಮೇಲೆ ಬೆರಳಿಟ್ಟರು. “ಇವನೇ ಕಣೋ. ನನ್ನ ಮೊಬೈಲಿಗೆ ಹಾಕು.”

“ಸ್ವಲ್ಪ ಬೆಳಕು ಮಾಡಿ ಕಳಿಸಲಾ ಅಣ್ಣ?”

“ಮಾಡಿ ನೋಡು. ಇವತ್ತಿನ ಟೀ ಕಾಸು ನಿಂದೇ.”